ಟ್ರೇಯ ಮೊದಲ ಕುಕೀ

ಹೋದ ವರ್ಷ ಆಪರೇಟರಮ್ಮ ಕೊಟ್ಟ ಕುಕೀಯನ್ನು ಡ್ರಿಲ್ ಮೇಷ್ಟ್ರು ಬಾಯಿಗೆ ಹಾಕಿಕೊಳ್ಳಲಿಲ್ಲ, ಜೇಬಿಗೆ ಹಾಕಿಕೊಂಡರು.

ನಡೆದದ್ದು ಇಷ್ಟೇ. ಬೇರೆ ಕಡೆಯಾಗಿದ್ದರೆ ಇದನ್ನು ಯಾರೂ ಗಮನಿಸುತ್ತಲೂ ಇರಲಿಲ್ಲ. ಆದರೆ ಅದು ನಿವೃತ್ತರ ಕಾಲೋನಿ. ಅಲ್ಲಿ ಒಬ್ಬರು ಕೆಮ್ಮಿದರೆ ನಾಲ್ಕು ಮನೆಯವರು ಕಷಾಯದ ಬಗ್ಗೆ ಸಲಹೆ ಕೊಡುತ್ತಾರೆ. ಅದರ ಮೇಲೆ ಅಂದು ಕುಕೀ ದಿನ ಬೇರೆ, ಇಡೀ ಹಾಲ್ ತುಂಬಿತ್ತು.

ಕುಕೀ ದಿನದ ಪದ್ಧತಿ ಆ ಕಾಲೋನಿಯಷ್ಟೇ ಹಳೆಯದು. ವರ್ಷದ ಕೊನೆಯ ರಜೆ ಬಂತೆಂದರೆ ಅಡುಗೆಯವರು ದೊಡ್ಡ ಅಡುಗೆಮನೆಯನ್ನು ನಿವಾಸಿಗಳಿಗೆ ಬಿಟ್ಟುಕೊಡುತ್ತಾರೆ. ಆಸೆಯಿದ್ದವರೆಲ್ಲ ತಮ್ಮ ಕೈಯಾರೆ ಕುಕೀ ಬೇಯಿಸಿ, ಒಬ್ಬೊಬ್ಬರಾಗಿ ಟ್ರೇ ಹಿಡಿದು ಹಾಲ್‌ಗೆ ಬರಬೇಕು. ಟ್ರೇಯ ಮೊದಲ ಕುಕೀಯನ್ನು ತಮಗೆ ಬೇಕಾದ ಒಬ್ಬರ ಕೈಗೆ ಕೊಡಬೇಕು. ಪಡೆದವರು ಕೊಟ್ಟವರ ಎದುರಿಗೇ ನಿಂತು ಅದನ್ನು ತಿನ್ನಬೇಕು. ಆಮೇಲೆ ಚಪ್ಪಾಳೆ, ಉಳಿದದ್ದು ಎಲ್ಲರ ಪಾಲು.

ಗಂಡಂದಿರು ಹೆಂಡತಿಯರಿಗೆ ಕೊಡುತ್ತಾರೆ. ಚೆಸ್ ಆಡುತ್ತಾ ಜಗಳವಾಡಿ ಮಾತು ಬಿಟ್ಟವರು ಒಬ್ಬರಿಗೊಬ್ಬರು ಕೊಟ್ಟು ರಾಜಿಯಾಗುತ್ತಾರೆ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಮಾತೆಲ್ಲ ಅಲ್ಲಿ ಬೆಣ್ಣೆ ಸಕ್ಕರೆಯ ಜೊತೆ ಸದ್ದಿಲ್ಲದೆ ದಾಟಿಹೋಗುತ್ತದೆ. ತಿನ್ನದೆ ಹಾಗೇ ಇಟ್ಟುಕೊಂಡರೆ ಬೇಡ ಎಂದ ಹಾಗೆ. ಹಾಗೆಂದವರು ಅದುವರೆಗೆ ಯಾರೂ ಇರಲಿಲ್ಲ.

ಆಪರೇಟರಮ್ಮ ಮದುವೆಯಾದವಳಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರವರ ಸುಖ ದುಃಖಗಳನ್ನೆಲ್ಲ ಒಬ್ಬರಿಂದೊಬ್ಬರಿಗೆ ಜೋಡಿಸುತ್ತಾ ಕೂತಿದ್ದಳು. ತಮ್ಮಂದಿರ ಓದು, ತಂಗಿಯ ಮದುವೆ, ಅಮ್ಮನ ಕಾಯಿಲೆ, ಎಲ್ಲ ಮುಗಿಯುವಷ್ಟರಲ್ಲಿ ತನ್ನ ತಲೆ ಬೆಳ್ಳಗಾಗಿದ್ದು ಕನ್ನಡಿ ನೋಡಿದಾಗಲೇ ಗೊತ್ತಾಗಿದ್ದು. ಕಾಲೋನಿಗೆ ಬಂದ ಮೇಲೆ ಪ್ರತಿ ವರ್ಷವೂ ಆಕೆಯ ಮೊದಲ ಕುಕೀ ಪಕ್ಕದ ಮನೆಯ ಲಾಯರಮ್ಮನಿಗೇ ಹೋಗುತ್ತಿತ್ತು. ಲಾಯರಮ್ಮ ತಿಂದು, ಶುಂಠಿ ಕಡಿಮೆಯಾಯಿತು ಎಂದು ತೀರ್ಪು ಕೊಡುತ್ತಿದ್ದಳು.

ಹೋದ ವರ್ಷ ಆಕೆಗೆ ಏನಾಗಿತ್ತೋ ಏನೋ.

ಏನಾಗಿತ್ತು ಎಂದು ಆಕೆಗೆ ಚೆನ್ನಾಗಿಯೇ ಗೊತ್ತಿತ್ತು. ಡ್ರಿಲ್ ಮೇಷ್ಟ್ರು ಆಗ ಹೊಸದಾಗಿ ಬಂದಿದ್ದರು. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗನನ್ನು ಗದರಿಸುವ ಗಂಟಲು, ಬಾಣದಂಥ ಬೆನ್ನು, ಬಲಗೈ ಸದಾ ಪ್ಯಾಂಟಿನ ಜೇಬಿನಲ್ಲಿ. ಸಂಜೆ ಇಬ್ಬರೂ ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಮಾತಾಡುತ್ತಿದ್ದರು. ಒಂದು ದಿನ ಅವರು, ಎಕ್ಸ್‌ಚೇಂಜಿನಲ್ಲಿ ಹೇಗೆ ಹೇಳುತ್ತಿದ್ದಿರಿ, ಒಮ್ಮೆ ಹೇಳಿ ನೋಡೋಣ ಎಂದರು. ಆಕೆ ಗಂಟಲು ಸರಿಮಾಡಿಕೊಂಡು, "ನಂಬರ್ ಪ್ಲೀಸ್" ಎಂದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ನಂಬರ್ ಮರೆತುಹೋಯ್ತು," ಎಂದರು. "ಇನ್ನೊಂದು ಸಲ ಕೇಳಿ."

ಇಬ್ಬರೂ ನಕ್ಕರು. ಆ ನಗು ಆಕೆಯ ಜೊತೆ ಮನೆಯ ತನಕ ಬಂತು, ಒಳಗೂ ಬಂತು. ಅಂಥ ನಗುವಿಗೊಂದು ಕುಕೀ ಹೆಚ್ಚೇನಲ್ಲ ಎಂದುಕೊಂಡು ಆಕೆ ಕೊಟ್ಟಳು. ಮೇಷ್ಟ್ರು ಎಡಗೈಯಲ್ಲಿ ತೆಗೆದುಕೊಂಡರು, ಅದನ್ನೇ ದಿಟ್ಟಿಸಿದರು, ಮುಖ ಬಿಳಿಚಿಕೊಂಡಿತು. ಶರ್ಟಿನ ಜೇಬಿಗೆ ಹಾಕಿಕೊಂಡು, ಥ್ಯಾಂಕ್ಸ್ ಎಂದು ಗೊಣಗಿ ಹಾಲ್‌ನಿಂದ ಹೊರಟುಹೋದರು. ಚಪ್ಪಾಳೆಗೆಂದು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು.

ಅರವತ್ತಕ್ಕೆ ಅರಳುಮರಳು ಎನ್ನುವ ಗಾದೆ ತನಗಾಗಿಯೇ ಹುಟ್ಟಿತು ಎಂದುಕೊಂಡಳು ಆಪರೇಟರಮ್ಮ. ಯಾರೂ ಏನೂ ಅನ್ನಲಿಲ್ಲ, ಅದೇ ದೊಡ್ಡ ಕಷ್ಟವಾಗಿತ್ತು. ಎಲ್ಲರೂ ವಿಪರೀತ ಒಳ್ಳೆಯವರಾಗಿಬಿಟ್ಟರು. ಲಾಯರಮ್ಮ ಮಾತ್ರ ಮೇಷ್ಟ್ರಿಗೆ ‘ಜೇಬು ಮೇಷ್ಟ್ರು’ ಎಂದು ಹೆಸರಿಟ್ಟಳು. ಅವರು ಊಟದ ಹಾಲ್‌ಗೂ ಬರದೆ ಡಬ್ಬಿ ತರಿಸಿಕೊಂಡು ರೂಮಿನಲ್ಲೇ ತಿನ್ನುತ್ತಾರೆ, ಗರ್ವ ಬಿಟ್ಟರೆ ಇನ್ನೇನು ಎಂದು ಕಾರಣವನ್ನೂ ಒದಗಿಸಿದಳು.

ಆಕೆ ವಾಕಿಂಗ್ ಹೊತ್ತು ಬದಲಿಸಿಕೊಂಡಳು. ಮೇಷ್ಟ್ರು ಎದುರಾಗಿ ಬಾಯಿ ತೆರೆದರೆ, ರಿಂಗಾಗದ ಫೋನನ್ನು ಕಿವಿಗಿಟ್ಟುಕೊಂಡು ಸರಿದುಹೋಗುತ್ತಿದ್ದಳು. ಆದರೂ ಕಾರಿಡಾರಿನಲ್ಲಿ ಅವರ ಹೆಜ್ಜೆಯ ಸದ್ದು ಕೇಳಿದರೆ ಓದುತ್ತಿದ್ದ ಸಾಲು ಕಣ್ಣಿನಿಂದ ಜಾರುತ್ತಿತ್ತು. ಮರೆಯಬೇಕೆಂದುಕೊಂಡವರನ್ನು ಇಷ್ಟು ಶ್ರದ್ಧೆಯಿಂದ ನೆನೆಸಿಕೊಂಡವರು ಬೇರೆ ಯಾರೂ ಇರಲಾರರು.

ಈ ವರ್ಷ ಕುಕೀ ದಿನ ಹತ್ತಿರವಾದಂತೆ ಆಕೆಗೆ ಅನ್ನ ಸೇರದಾಯಿತು. ಬೇಯಿಸದೇ ಇದ್ದುಬಿಡೋಣ ಎಂದರೆ ಹೆದರಿದಳು ಎನ್ನುತ್ತಾರೆ, ಬೇಯಿಸಿದರೆ ಯಾರಿಗೆ ಕೊಡುತ್ತಾಳೋ ಎಂದು ಕತ್ತು ಉದ್ದ ಮಾಡುತ್ತಾರೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಹೆಸರು ಕೊಟ್ಟಳು. ಅಡುಗೆಮನೆಯಲ್ಲಿ ಓವನ್‌ಗಳು ಕಡಿಮೆ, ಬೇಯಿಸುವವರು ಜಾಸ್ತಿ. ಹಾಗಾಗಿ ಒಂದು ಓವನ್‌ಗೆ ಇಬ್ಬರು ಎಂದು ಚೀಟಿ ಎತ್ತಿ ಜೋಡಿ ಮಾಡುತ್ತಾರೆ. ಜೋಡಿಗಳು ಹಿಂದಿನ ದಿನವೇ ಒಟ್ಟಿಗೆ ಹಿಟ್ಟು ಕಲೆಸಿ, ಕತ್ತರಿಸಿ, ಫ್ರಿಜ್‌ನಲ್ಲಿಡಬೇಕು.

ಚೀಟಿ ಎತ್ತಿದ್ದು ಕಾಲೋನಿಯ ಮೇಲ್ವಿಚಾರಣೆ ನೋಡಿಕೊಳ್ಳುವ ಸಿಸ್ಟರ್. ಆಪರೇಟರಮ್ಮನ ಹೆಸರಿನ ಜೊತೆ ಮೇಷ್ಟ್ರ ಹೆಸರು ಬಂತು. ಇಡೀ ಹಾಲ್ ತನ್ನ ಉಸಿರನ್ನು ಒಮ್ಮೆಲೇ ಒಳಗೆಳೆದುಕೊಂಡಿತು. ಲಾಯರಮ್ಮ ಕನ್ನಡಕ ಒರೆಸುವುದರಲ್ಲಿ ಮುಳುಗಿಹೋಗಿದ್ದಳು.

ಆ ಮಧ್ಯಾಹ್ನ ಆಪರೇಟರಮ್ಮ ಅಡುಗೆಮನೆಗೆ ಹೋದಾಗ ಮೇಷ್ಟ್ರು ಆಗಲೇ ಬಂದು, ಏಪ್ರನ್ ಕಟ್ಟಿಕೊಂಡು, ಪರೇಡಿಗೆ ನಿಂತವರಂತೆ ನಿಂತಿದ್ದರು. ಏಪ್ರನ್ ಹಿಂದುಮುಂದಾಗಿತ್ತು. ಆಕೆ ಅದನ್ನು ನೋಡಿಯೂ ನೋಡದವಳಂತೆ ಬೆಣ್ಣೆ ತೂಗಲು ನಿಂತಳು. ಬೇಗ ಬೇಗ ಕಲೆಸಿ, ಬೇಗ ಬೇಗ ಕತ್ತರಿಸಿ, ಬೇಗ ಬೇಗ ಹೋಗಿಬಿಡಬೇಕು.

ಬಟ್ಟಲು ಕೊಡಿ ಎಂದರೆ ಕೊಟ್ಟರು. ಸಕ್ಕರೆ ಎಂದರೆ ಸಕ್ಕರೆ. ಎಲ್ಲವೂ ಎಡಗೈಯಲ್ಲಿ. ಅವರು ತನ್ನತ್ತ ನೋಡುತ್ತಿದ್ದಾರೆ ಎಂದು ಆಕೆಗೆ ಕೆನ್ನೆಯಿಂದಲೇ ಗೊತ್ತಾಗುತ್ತಿತ್ತು. ಆಕೆ ತಲೆ ಎತ್ತಿದರೆ ಅವರು ಕಿಟಕಿಯತ್ತ ತಿರುಗುತ್ತಿದ್ದರು, ಅವರು ತಿರುಗಿದರೆ ಆಕೆ ನೋಡುತ್ತಿದ್ದಳು. ಕಿವಿಯ ಹತ್ತಿರ ಬಿಳಿಗೂದಲು ಇನ್ನಷ್ಟು ಹೆಚ್ಚಾಗಿತ್ತು. ಸ್ವಲ್ಪ ಬಡವಾಗಿದ್ದರು.

ಮೇಷ್ಟ್ರು ಒಂದೇ ಕೈಯಲ್ಲಿ ಹಿಟ್ಟು ಕಲೆಸಲು ಹೊರಟರು. ಬಟ್ಟಲು ಸುತ್ತಿತು, ಅವರೂ ಬಟ್ಟಲಿನ ಜೊತೆ ಅರ್ಧ ಸುತ್ತಿದರು, ಹಿಟ್ಟು ಮೇಜಿನ ಮೇಲೆ ಹಾರಿತು. ಆಕೆಗೆ ನಗು ಬಂತು. ನಗಬಾರದೆಂದು ಸಿಟ್ಟು ತಂದುಕೊಂಡಳು.

"ಮೇಷ್ಟ್ರೇ, ಹಿಟ್ಟು ಒಂದು ಕೈಗೆ ಬಗ್ಗಲ್ಲ. ಆ ಕೈನೂ ಜೇಬಿಂದ ತೆಗೀರಿ."

ಅವರು ನಕ್ಕರು. "ಇದೇ ಮಾತನ್ನ ಎಷ್ಟು ಹುಡುಗರಿಗೆ ಹೇಳಿದೀನೋ."

"ಹಾಗಾದ್ರೆ ಪಾಲಿಸಿ."

ನಗು ಹೋಯಿತು. ಅವರು ಬಾಗಿಲ ಹತ್ತಿರ ಹೋಗಿ ಕಾರಿಡಾರ್ ನೋಡಿದರು, ಬಾಗಿಲು ಹಾಕಿದರು. ತಿರುಗಿ ಬಂದು ಮೇಜಿನ ಆಚೆ ನಿಂತು ಬಲಗೈಯನ್ನು ಹೊರಗೆ ತೆಗೆದರು.

ಕೈ ನಡುಗುತ್ತಿತ್ತು. ಚಳಿಗೋ ಹೆದರಿಕೆಗೋ ನಡುಗಿ ನಿಲ್ಲುವ ನಡುಕವಲ್ಲ. ಅದು ಅವರ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಹೆಬ್ಬೆರಳು ಬೆರಳುಗಳ ಮೇಲೆ ಏನನ್ನೋ ಉಜ್ಜುತ್ತಲೇ ಇತ್ತು. ಅವರು ಅದನ್ನು ಮೇಜಿನ ಮೇಲಿಟ್ಟರು, ಹಿಟ್ಟಿನ ಜರಡಿ ಸಣ್ಣಗೆ ಕಟಕಟ ಎನ್ನತೊಡಗಿತು.

ಆಪರೇಟರಮ್ಮನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು, ಸ್ಟೂಲ್ ಎಳೆದುಕೊಂಡು ಕೂತಳು.

ಇಲ್ಲಿಗೆ ಬರುವ ಮೊದಲೇ ಶುರುವಾಗಿತ್ತು, ಆಗ ಒಂದೆರಡು ಬೆರಳಷ್ಟೇ ಇತ್ತು ಎಂದರು ಮೇಷ್ಟ್ರು. ಡಾಕ್ಟರಿಗೆ ಗೊತ್ತು, ಮಾತ್ರೆಯೂ ಇದೆ. ಇಲ್ಲಿ ಯಾರಿಗೂ ಹೇಳಿಲ್ಲ. ಊಟದ ಡಬ್ಬಿ ರೂಮಿಗೆ ತರಿಸಿಕೊಳ್ಳುವುದೂ ಅದಕ್ಕೇ.

"ಮತ್ತೆ ಅವತ್ತು?"

"ಅವತ್ತು ನೀವು ಎದುರಿಗೆ ಬಂದು ನಿಂತ್ರಿ. ಎಡಗೈ ಸುಮಾರಾಗಿತ್ತು, ಅದನ್ನೇ ನಂಬಿಕೊಂಡಿದ್ದೆ. ನಿಮ್ಮನ್ನ ನೋಡಿ ಅದೂ ಬಲಗೈ ಅಣ್ಣನ ದಾರಿ ಹಿಡೀತು. ಸಿಸ್ಟರ್ ಪಕ್ಕದಲ್ಲೇ ಇದ್ರು. ಬಾಯಿ ತನಕ ಹೋಗಲ್ಲ ಅಂತ ಗೊತ್ತಾಯ್ತು. ಜೇಬು ಹತ್ತಿರ ಇತ್ತು."

"ಒಂದು ವರ್ಷ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದಾಗಲೆಲ್ಲ ನಿಮ್ಮ ಫೋನ್ ರಿಂಗಾಗ್ತಿತ್ತಲ್ಲ."

ಆಕೆ ನಾಚಿ ಕೆಂಪಾದಳು. ಫೋನು ರಿಂಗಾಗುತ್ತಿರಲಿಲ್ಲ ಎಂದು ಅವರಿಗೂ ಗೊತ್ತಿತ್ತು. ಎಷ್ಟೆಷ್ಟು ಸಲ, ಯಾರ್ಯಾರ ಜೊತೆ ಮಾತಾಡಿದ ನಾಟಕ.

ಒಂದು ವರ್ಷ ಹೊತ್ತ ಅವಮಾನ ಮೈಯಿಂದ ಇಳಿಯಿತು. ಬೇಡ ಎಂದಿರಲಿಲ್ಲ. ಆಕೆಗೆ ಕುಣಿಯುವಷ್ಟು ಖುಷಿಯಾಯಿತು, ಮರುಗಳಿಗೆಯಲ್ಲೇ ಹೊಸ ಭಯ ಬಂದು ಆ ಜಾಗದಲ್ಲಿ ಕೂತಿತು. ಕಾಲೋನಿಯಲ್ಲಿ ಎರಡು ಬ್ಲಾಕ್. ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರು ಮುಂದಿನ ಬ್ಲಾಕ್‌ನಲ್ಲಿ. ಕೈ ತಪ್ಪಿದವರು, ಹೆಜ್ಜೆ ತಪ್ಪಿದವರು, ನೆನಪು ತಪ್ಪಿದವರು ಹಿಂದಿನ ಬ್ಲಾಕ್‌ನಲ್ಲಿ. ಸಿಸ್ಟರ್ ಕೆಟ್ಟವರಲ್ಲ, ಆದರೆ ಸಾಸರಿಗೆ ಕಪ್ ಎರಡು ಸಲ ತಾಗಿ ಸದ್ದಾದರೆ ಅವರ ಕಣ್ಣು ಆ ಕಡೆ ತಿರುಗುತ್ತದೆ. ಹಾಗೆ ತಿರುಗಿದ ಮೇಲೆ ಹಲವರ ಪೆಟ್ಟಿಗೆಗಳು ಹಿಂದಿನ ಬ್ಲಾಕ್‌ಗೆ ಹೋದದ್ದನ್ನು ಆಕೆ ನೋಡಿದ್ದಳು.

"ಅಲ್ಲಿಗೆ ಹೋಗೋಕೆ ಅಷ್ಟೊಂದು ಹೆದರಿಕೆನಾ?" ಎಂದು ಮೆಲ್ಲಗೆ ಕೇಳಿದಳು.

"ಅಲ್ಲಿನವರು ಒಳ್ಳೆಯವರೇ. ಊಟ ಮಾಡಿಸ್ತಾರೆ, ಶರ್ಟಿನ ಗುಂಡಿ ಹಾಕ್ತಾರೆ. ಆದ್ರೆ ನೋಡೋಕೆ ಬರೋವ್ರಿಗೆ ಮಧ್ಯಾಹ್ನ ಒಂದಿಷ್ಟು ಹೊತ್ತು ಬಿಟ್ರೆ ಬಾಗಿಲು ತೆಗೆಯಲ್ಲ." ಅವರು ಮೇಜಿನ ಮೇಲಿನ ಹಿಟ್ಟನ್ನು ನೋಡುತ್ತಿದ್ದರು. "ನೀವು ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಓಡಾಡೋದನ್ನಾದ್ರೂ ಇಲ್ಲಿಂದ ನೋಡ್ತಿದ್ದೆ. ಅಲ್ಲಿಂದ ಅದೂ ಕಾಣಲ್ಲ."

ಯಾವ ಹೆಡ್‌ಫೋನಿನಲ್ಲೂ ಆಕೆ ಇಂಥ ಮಾತು ಕೇಳಿರಲಿಲ್ಲ, ಕೇಳಿದ್ದರೂ ಅದು ಬೇರೆ ಯಾರಿಗೋ ಸೇರಿದ್ದಾಗಿತ್ತು. ಎದ್ದು ಬಟ್ಟಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, "ಕಲೆಸಿ," ಎಂದಳು.

ಅವರು ಎರಡೂ ಕೈ ಹಾಕಿ ಕಲೆಸಿದರು. ನಿಧಾನಕ್ಕೆ ಬೆಣ್ಣೆ ಹಿಟ್ಟು ಒಂದಾದವು. ನಡುವೆ ಅವರ ಬೆರಳು ಆಕೆಯ ಬೆರಳಿಗೆ ತಾಗುತ್ತಿತ್ತು, ಒಂದೇ ಸಲ ತಾಗಿ ಬಿಡದೆ ಮತ್ತೆ ಮತ್ತೆ ತಾಗುತ್ತಿತ್ತು. ಇದು ನಾನಲ್ಲ, ಇವನು ಎಂದು ಮೇಷ್ಟ್ರು ಬಲಗೈಯತ್ತ ಕಣ್ಣು ತೋರಿಸಿ ದೂರು ಹೇಳಿದರು. ನಾನೇನು ಬೇಡ ಅಂದೆನಾ ಎಂದಳು ಆಕೆ.

ಆಮೇಲೆ ನಕ್ಷತ್ರದ ಅಚ್ಚು ಒತ್ತಲು ಕೂತರು. ಮೇಷ್ಟ್ರು ಒತ್ತಿದ ಅಚ್ಚು ಒತ್ತಿದಲ್ಲೇ ಕದಲಿ ಒಂದೊಂದು ನಕ್ಷತ್ರಕ್ಕೂ ಇಲ್ಲದ ಮೂಲೆಗಳೆಲ್ಲ ಹುಟ್ಟಿದ್ದವು. ಅಂಚಿನ ಮೇಲೆ ಅಂಚು, ಮೂಲೆಯ ಪಕ್ಕ ಮರಿ ಮೂಲೆ. ಇದನ್ನು ನೋಡಿದರೆ ಸಿಸ್ಟರಿಗೆ ಬೇರೆ ಸಾಕ್ಷಿಯೇ ಬೇಡ. ಆಕೆ ಚಮಚದ ಹಿಂಬದಿಯನ್ನು ನೀರಿನಲ್ಲಿ ಅದ್ದಿ ಒಂದೊಂದನ್ನೇ ತೀಡತೊಡಗಿದಳು. ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ಟ್ರೇಯ ಮೇಲೆ ಟವೆಲ್ ಬೀಳುತ್ತಿತ್ತು. ಜೀವಮಾನದಲ್ಲಿ ಒಂದು ಸುಳ್ಳು ಬಿಲ್ ಬರೆಯದ ಆಪರೇಟರಮ್ಮ ಆ ಮಧ್ಯಾಹ್ನ ಕುಕೀ ಟ್ರೇಯಿಂದ ಒಬ್ಬ ಮನುಷ್ಯನ ಗುರುತನ್ನು ಅಳಿಸುತ್ತಾ ಕೂತಿದ್ದಳು.

ಮೇಷ್ಟ್ರು ಅದನ್ನೇ ನೋಡುತ್ತಿದ್ದರು. "ಈ ಸಲ ಮೊದಲನೆಯದನ್ನ ನಿಮಗೆ ಕೊಡಬೇಕು ಅಂತ ಹೆಸರು ಕೊಟ್ಟಿದ್ದೆ," ಎಂದರು.

ಆಕೆಗೆ ಜೀವ ಬಾಯಿಗೆ ಬಂತು. ಒಂದು ವರ್ಷದಿಂದ ಕೇಳಬೇಕೆಂದಿದ್ದ ಮಾತು, ಕೇಳಿದ ಕೂಡಲೇ ಬೇಡ ಬೇಡ ಎಂದಳು. ಹಾಲ್ ತುಂಬ ಜನ, ಎದುರಿಗೇ ಸಿಸ್ಟರ್. ಅಷ್ಟು ದೂರ ನಡೆದು ಬಂದು ಕೊಡುವುದೆಂದರೆ ತಾವೇ ಪೆಟ್ಟಿಗೆ ಕಟ್ಟಿಕೊಂಡ ಹಾಗೆ. ನಾಳೆ ಮೇಷ್ಟ್ರಿಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅವರ ಟ್ರೇಯನ್ನೂ ತಾನೇ ತರುತ್ತೇನೆ, ತನ್ನ ಮೊದಲ ಕುಕೀ ಎಂದಿನಂತೆ ಲಾಯರಮ್ಮನಿಗೆ. ಮೇಷ್ಟ್ರು ಹಿಂದೆ ಕೂತಿದ್ದರೆ ಸಾಕು.

"ಎರಡನೇ ವರ್ಷವೂ ನಾನು ನಿಮಗೆ ಬೇಡ ಅಂದ ಹಾಗಾಗುತ್ತೆ," ಎಂದರು ಮೇಷ್ಟ್ರು. "ಎಲ್ಲರೂ ನಿಮ್ಮನ್ನೇ ನೋಡ್ತಾರೆ."

"ನೋಡ್ಲಿ. ಒಂದು ವರ್ಷ ನೋಡಿಸ್ಕೊಂಡು ಅಭ್ಯಾಸ ಆಗಿದೆ. ನೀವು ಇಲ್ಲೇ ಇರ್ಬೇಕು, ಅಷ್ಟೇ."

ಅದನ್ನು ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಆಕೆಗೆ ತಿಳಿಯಿತು. ಮೇಷ್ಟ್ರು ಒಪ್ಪಿದರೋ ಇಲ್ಲವೋ, ಆ ಮುಖದಿಂದ ಗೊತ್ತಾಗಲಿಲ್ಲ. ಟ್ರೇಗಳನ್ನು ಫ್ರಿಜ್‌ನಲ್ಲಿಟ್ಟು ಆಕೆಯೇ ಬಾಗಿಲು ತೆರೆದಳು.

ಮರುದಿನ ಹಾಲ್‌ನಲ್ಲಿ ಬೆಣ್ಣೆ, ಏಲಕ್ಕಿ, ಸುಟ್ಟ ಸಕ್ಕರೆಯ ಘಮ ತುಂಬಿತ್ತು. ಕುರ್ಚಿಗಳೆಲ್ಲ ಗೋಡೆಗೆ ಸರಿದಿದ್ದವು. ನಿವೃತ್ತ ಪೋಸ್ಟ್‌ಮಾಸ್ಟರು ತಮ್ಮ ಹೆಂಡತಿಗೆ ಕೊಟ್ಟರು, ಹೆಂಡತಿ ಅರ್ಧ ತಿಂದು ಅರ್ಧ ಅವರಿಗೇ ತಿನ್ನಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಪರೇಟರಮ್ಮನಿಗೆ ಯಾವುದೂ ತಲೆಗೆ ಹೋಗಲಿಲ್ಲ. ಮುಳ್ಳಿನ ಮೇಲೆ ನಿಂತಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು, ಕೈ ಜೇಬಿನಲ್ಲೇ ಇತ್ತು. ಅಷ್ಟರಮಟ್ಟಿಗೆ ಸಮಾಧಾನ.

ಆಕೆಯ ಸರದಿ ಬಂತು. ಟ್ರೇ ಹಿಡಿದು ನಡೆದಳು. ಮಾತುಗಳು ಒಂದೊಂದಾಗಿ ನಿಂತವು. ಮೇಷ್ಟ್ರ ಎದುರಿಗೆ ಹಾದುಹೋಗುವಾಗ ಕತ್ತು ತಿರುಗಿಸಬಾರದೆಂದು ಕತ್ತಿಗೆ ಹೇಳಿಕೊಂಡಳು, ಅದು ಕೇಳಿತು. ಹಿಂದೆ ಯಾರೋ ಅಯ್ಯೋ ಪಾಪ ಎಂದದ್ದೂ ಕಿವಿಗೆ ಬಿತ್ತು. ಅದನ್ನು ಕೇಳಿಸಿಕೊಳ್ಳದಿರಲು ಮಾತ್ರ ಕಿವಿ ಒಪ್ಪಲಿಲ್ಲ.

ಲಾಯರಮ್ಮ ಕುಕೀ ತೆಗೆದುಕೊಂಡು ಕನ್ನಡಕದ ಮೇಲಿನಿಂದ ನೋಡಿದಳು. "ನನಗೆ ಕೊಡೋಕೆ ಇಷ್ಟೊಂದು ಕೈ ನಡುಗಬೇಕಾ?" ಎಂದು ಆಕೆಗೆ ಮಾತ್ರ ಕೇಳುವಂತೆ ಕೇಳಿದಳು. ಎದುರಿಗೆ ನಿಂತೇ ತಿಂದಳು, ಶುಂಠಿಯ ಬಗ್ಗೆ ಏನೂ ಹೇಳಲಿಲ್ಲ. ಚಪ್ಪಾಳೆ ಬಂತು, ಸೋತವರಿಗೆ ತಟ್ಟುವಂಥ ಚಪ್ಪಾಳೆ.

ಇನ್ನು ಒಂದೇ ಒಂದು ಸುಳ್ಳು ಬಾಕಿ. ಆಕೆ ಅಡುಗೆಮನೆಗೆ ಹೋಗಿ ಮೇಷ್ಟ್ರ ಟ್ರೇ ತಂದು ಹಾಲ್ ನಡುವಿನ ಮೇಜಿನ ಮೇಲಿಟ್ಟಳು. "ಮೇಷ್ಟ್ರಿಗೆ ಹೊಟ್ಟೆ ಸರಿ ಇಲ್ವಂತೆ, ಅದಕ್ಕೆ..." ಎಂದು ಶುರುಮಾಡಿದಳು.

"ಹೊಟ್ಟೆ ಚೆನ್ನಾಗಿದೆ."

ಅದು ಮೈದಾನದ ದನಿ. ಕಿಟಕಿಯ ಗಾಜು ಅದುರಿತು ಎಂದು ಪೋಸ್ಟ್‌ಮಾಸ್ಟರು ಆಮೇಲೆ ಹೇಳುತ್ತಿದ್ದರು, ಅವರು ಯಾವಾಗಲೂ ಸ್ವಲ್ಪ ಸೇರಿಸುತ್ತಾರೆ. ಮೇಷ್ಟ್ರು ಗೋಡೆ ಬಿಟ್ಟು ನಡೆದು ಬಂದರು. ಮೇಜಿನ ಮುಂದೆ ನಿಂತು ಬಲಗೈ ಹೊರಗೆ ತೆಗೆದರು.

ಆಪರೇಟರಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದು ಸಣ್ಣಗೆ ತಲೆಯಾಡಿಸಿದಳು, ಬೇಡ ಎಂದು, ಕಣ್ಣಿನಲ್ಲೇ ಕೈಮುಗಿದಳು. ಅವರು ಆಕೆಯನ್ನೇ ನೋಡುತ್ತಾ ಒಂದು ಕುಕೀ ಎತ್ತಿಕೊಂಡರು.

ಕುಕೀ ಗಾಳಿಯಲ್ಲಿ ಅದುರಿತು. ಪುಡಿ ನೆಲಕ್ಕೆ ಉದುರಿತು. ಸಿಸ್ಟರ್ ಕುರ್ಚಿಯಿಂದ ಅರ್ಧ ಎದ್ದರು. ಮೇಷ್ಟ್ರು ಎರಡು ಹೆಜ್ಜೆ ಇಟ್ಟರು, ಬೆರಳು ಸಡಿಲವಾಯಿತು, ಕುಕೀ ಬಿದ್ದು ಮೂರು ಚೂರಾಯಿತು.

ಆಕೆ ಮುಂದೆ ಬರಲು ಹೊರಟಳು.

"ನೀವು ಅಲ್ಲೇ ಇರಿ," ಎಂದರು ಮೇಷ್ಟ್ರು. "ನಾನೇ ಬರ್ತೀನಿ."

ಅವರು ತಿರುಗಿ ಮೇಜಿಗೆ ಹೋದರು. ಯಾರೋ ಮೊದಲನೆಯದು ಬಿದ್ದುಹೋಯಿತಲ್ಲ, ಈಗ ಹೇಗೆ ಎಂದು ಗೊಣಗಿದರು. ಲಾಯರಮ್ಮ ಕೂತಲ್ಲಿಂದಲೇ, ತಿಂದದ್ದೇ ಮೊದಲನೆಯದು, ಬಿದ್ದದ್ದು ಲೆಕ್ಕಕ್ಕಿಲ್ಲ ಎಂದು ತೀರ್ಪು ಕೊಟ್ಟಳು. ಯಾರೂ ಮೇಲ್ಮನವಿ ಹಾಕಲಿಲ್ಲ.

ಎರಡನೆಯದನ್ನು ಹಿಡಿದು ಅವರು ಬಂದರು. ಮಕ್ಕಳು ತುಂಬಿದ ಲೋಟ ಹಿಡಿದು ನಡೆಯುವಂತೆ ಕಣ್ಣನ್ನೆಲ್ಲ ಕೈಯಲ್ಲಿಟ್ಟುಕೊಂಡು ಬಂದರು. ಆ ನಾಲ್ಕು ಹೆಜ್ಜೆ ಆಕೆಗೆ ಮುಗಿಯಲೇ ಇಲ್ಲ. ಬೀಳದಿರಲಿ, ಬೀಳದಿರಲಿ ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಬಿದ್ದರೂ ಅವರು ಮತ್ತೆ ಹೋಗಿ ತರುತ್ತಾರೆ, ಟ್ರೇ ಖಾಲಿಯಾಗುವ ತನಕ ತರುತ್ತಾರೆ ಎಂದು ಅವರ ಮುಖ ಹೇಳುತ್ತಿತ್ತು.

ಕುಕೀ ಆಕೆಯ ಅಂಗೈಗೆ ಬಂತು. ಅದರ ಜೊತೆ ಅವರ ಬೆರಳುಗಳೂ ಬಂದು ಅಲ್ಲೇ ಕೂತವು.

"ಹೋದ ವರ್ಷ ನಾನು ಬೇಡ ಅಂದಿರಲಿಲ್ಲ," ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ. "ಈ ಕೈ ಹೀಗಿದೆ. ಅದಕ್ಕೆ ನಾಚಿಕೊಂಡು ಇವರ ಮರ್ಯಾದೆ ಕಳೆದೆ. ಇವರು ನನಗೆ ಬೇಕು. ಹಿಂದಿನ ಬ್ಲಾಕ್‌ಗೆ ಕಳಿಸಿದ್ರೂ ಬೇಕು."

ಆಪರೇಟರಮ್ಮ ತಿಂದಳು. ಉಪ್ಪು ಜಾಸ್ತಿಯಾಗಿತ್ತೋ, ಕಣ್ಣೀರು ಸೇರಿತೋ, ಆಕೆಗೆ ತಿಳಿಯಲಿಲ್ಲ. ಪೂರ್ತಿ ತಿಂದಳು. ಚಪ್ಪಾಳೆ ಶುರುವಾದದ್ದು ಯಾವಾಗ, ನಿಂತದ್ದು ಯಾವಾಗ, ಅದೂ ತಿಳಿಯಲಿಲ್ಲ. ತಿಳಿದದ್ದು ಸಿಸ್ಟರ್ ಹತ್ತಿರ ಬಂದು ನಿಂತಾಗ.

ಸಿಸ್ಟರ್ ಮೇಷ್ಟ್ರ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ನೋಡಿದರು. ಯಾಕೆ ಹೇಳಲಿಲ್ಲ ಎಂದು ಗದರಲಿಲ್ಲ. ಬಿಸಿ ಟೀ, ಬಿಸಿ ಸಾರು, ಸ್ನಾನದ ಮನೆಯ ಜಾರು ನೆಲ, ಒಬ್ಬರೇ ಇರುವುದು ಸರಿಯಲ್ಲ ಎಂದರು. ರಜೆ ಮುಗಿದ ಮೇಲೆ ಹಿಂದಿನ ಬ್ಲಾಕ್‌ನಲ್ಲಿ ರೂಮ್ ಸಿದ್ಧ ಮಾಡಿಸುವುದಾಗಿ ಮೆಲ್ಲಗೆ ಹೇಳಿದರು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು, ಗೊತ್ತಿತ್ತು ಎಂದರು.

ಹೆದರಿದ್ದೇ ಆಯಿತು. ಆದರೆ ಇಷ್ಟು ದಿನ ಹೆದರಿಕೊಂಡು ಕೂತದ್ದರಲ್ಲಿ ಕಳೆದುಕೊಂಡದ್ದೇ ಹೆಚ್ಚು, ಇನ್ನು ಕಳೆದುಕೊಳ್ಳಲು ಆಪರೇಟರಮ್ಮ ತಯಾರಿರಲಿಲ್ಲ.

"ಸಿಸ್ಟರ್, ಅಲ್ಲಿ ಮಧ್ಯಾಹ್ನ ಮಾತ್ರ ಬಿಡ್ತೀರ?"

"ಸ್ನೇಹಿತರಿಗೆ ಮಧ್ಯಾಹ್ನ ಮಾತ್ರ. ಅವರ ಕುಟುಂಬದವರಾದ್ರೆ ಯಾವಾಗ ಬೇಕಾದ್ರೂ ಬರಬಹುದು, ಜೊತೆಗೇ ಇರಬಹುದು." ಸಿಸ್ಟರ್ ಸ್ವಲ್ಪ ತಡೆದರು. "ಆದ್ರೆ ಮೇಷ್ಟ್ರಿಗೆ ಅಂಥವರು ಯಾರೂ ಇಲ್ಲ."

"ನಾನಿದ್ದೀನಿ," ಎಂದಳು ಆಪರೇಟರಮ್ಮ. "ನಾನು ಅವರ ಕುಟುಂಬ."

ಲಾಯರಮ್ಮ ಸಾಕ್ಷಿಗೆ ತಾನಿದ್ದೇನೆ ಎಂದು ಕೈ ಎತ್ತಿದಳು. ಸಿಸ್ಟರ್ ಆಕೆಯ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು, ಇದು ನಿಜವೇ ಎಂದು ಅವರನ್ನೇ ಕೇಳಿದರು.

ಮೇಷ್ಟ್ರು ಮೆಲ್ಲಗೆ "ಹೌದು" ಎಂದರು.

ಹಿಂದಿನ ಕುರ್ಚಿಯವರು ಕೇಳಿಸಲಿಲ್ಲ ಎಂದರು. ಮೇಷ್ಟ್ರು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.